ನೀರು ನೋಡಿದವರು

ನಮ್ಮ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೆ ಎಷ್ಟು ಸಂಶೋಧನೆ ನಡೆಯುತ್ತದೆ ಎಂದು ಕುಲಪತಿಗಳನ್ನು ಕೇಳಿ, ಭಾಷಣ ಮಾಡುತ್ತಾರೆ. ನನ್ನನ್ನು ಕೇಳಿ, ಲೆಕ್ಕ ಹೇಳುತ್ತೇನೆ. ಹೋದ ವರ್ಷ ಸಾವಿರದ ಒಂಬೈನೂರ ಹದಿನಾಲ್ಕು ಬರಹಗಳು. ಅಷ್ಟನ್ನೂ ಒಂದೊಂದಾಗಿ ಕಂಪ್ಯೂಟರಿಗೆ ಹತ್ತಿಸಿದವಳು ನಾನು, ಗೆನೊವೆಫಾ ಪ್ಟಾಕ್. ಗ್ರಂಥಾಲಯದ ನೆಲಮಹಡಿಯಲ್ಲಿ ಶೌಚಾಲಯದ ಪಕ್ಕದ ಕೋಣೆ ನನ್ನದು. ಎಲ್ಲರೂ ಪಾನಿ ಗೇನ್ಯಾ ಎನ್ನುತ್ತಾರೆ; ಪಾನಿ ಎಂದರೆ ನಮ್ಮಲ್ಲಿ ಮೇಡಂ ಎಂದ ಹಾಗೆ, ಗೇನ್ಯಾ ನನ್ನ ಹೆಸರಿನ ಮೊಟಕು. ಮೂವತ್ತನಾಲ್ಕು ವರ್ಷದಿಂದ ಇದೇ ಕೆಲಸ. ಮೊದಲು ಕಾರ್ಡುಗಳ ಮೇಲೆ ಬರೆಯುತ್ತಿದ್ದೆ, ಬೆರಳು ನೋಯುತ್ತಿತ್ತು. ಈಗ ಟೈಪ್ ಮಾಡುತ್ತೇನೆ, ಕುತ್ತಿಗೆ ನೋಯುತ್ತದೆ. ನಾನು ಕಂಡ ಅಭಿವೃದ್ಧಿ ಇಷ್ಟೇ.

ಈ ಮೇಜಿಗೆ ಏನು ಬರುವುದಿಲ್ಲ ಹೇಳಿ! ಬೆಳಿಗ್ಗೆ ಟರ್ಕಿ ಕೋಳಿಯ ಪಿತ್ತಕೋಶ, ಹತ್ತು ಗಂಟೆಗೆ ಹಳೆಯ ಸಮಾಧಿಗಲ್ಲುಗಳ ಮೇಲೆ ಕೆತ್ತಿದ ಸಿಂಹಗಳು, ಊಟಕ್ಕೆ ಮೊದಲು ಸಕ್ಕರೆ ಕಾರ್ಖಾನೆಯ ಕೊಳಚೆಯಲ್ಲಿ ಬೆಳೆಯುವ ಪಾಚಿ, ಊಟವಾದ ಮೇಲೆ ತೊದಲುವ ಮಕ್ಕಳು ಹಾಡುವಾಗ ಯಾಕೆ ತೊದಲುವುದಿಲ್ಲ ಎಂಬುದು, ಮನೆಗೆ ಹೊರಡುವ ಹೊತ್ತಿಗೆ ಸೇತುವೆಯ ಕಾಂಕ್ರೀಟಿನ ಬಿರುಕು. ಪಾಚಿಯವರು ಸಿಂಹದವರನ್ನು ಓದುವುದಿಲ್ಲ. ಸಿಂಹದವರಿಗೆ ಟರ್ಕಿಯ ಗೊಡವೆ ಬೇಡ. ಎಲ್ಲವನ್ನೂ ತೆರೆದು ನೋಡುವ ಪಾಪಿ ನಾನೊಬ್ಬಳೇ. ನೋಡುವುದೆಂದರೆ ಪೂರ್ತಿಯಲ್ಲ, ತಲೆ ಮತ್ತು ಬಾಲ. ತಲೆಯಲ್ಲಿ ಬರೆದವರ ಹೆಸರುಗಳು. ಬಾಲದಲ್ಲಿ, ಯಾರ ಅನುದಾನದಿಂದ ನಡೆಯಿತು ಎಂಬ ವಿವರ, ಅದರ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಕೃತಜ್ಞತೆ.

ನಮ್ಮಲ್ಲಿಯ ನಿಯಮ ಹೀಗಿದೆ. ಪ್ರತಿ ಬರಹಕ್ಕೂ ಇಷ್ಟು ಎಂದು ಅಂಕ. ಬರೆದವರು ಎಷ್ಟು ಜನವೋ ಅಷ್ಟು ಪಾಲಾಗಿ ಆ ಅಂಕ ಒಡೆಯುತ್ತದೆ. ಹತ್ತು ಜನರವರೆಗೆ ಪರವಾಗಿಲ್ಲ. ಹನ್ನೊಂದನೆಯ ಹೆಸರು ಸೇರಿತೋ, ಪಾಲು ತೀರಾ ಚಿಕ್ಕದಾಯಿತೆಂದು ಯಂತ್ರ ಎಲ್ಲರಿಗೂ ಸೊನ್ನೆ ಕೊಡುತ್ತದೆ. ನಾಲ್ಕು ವರ್ಷದಲ್ಲಿ ಒಂದು ಪಾಲೂ ಇಲ್ಲದ ಅಧ್ಯಾಪಕರಿಗೆ ನಾವು ಸೊನ್ನೆಗಳು ಎನ್ನುತ್ತೇವೆ. ಸೊನ್ನೆಗಳನ್ನು ಮನೆಗೆ ಕಳಿಸುತ್ತಾರೆ. ಆ ಪಟ್ಟಿಯನ್ನು ಮಾಡಿ ಕೊಡುವವಳೂ ನಾನೇ. ಕೊಡಲಿ ನನ್ನ ಕೈಯಲ್ಲಿಲ್ಲ, ಆದರೆ ಯಾವ ಮರ ಎಂದು ಸುಣ್ಣದ ಗುರುತು ಹಾಕುವವಳು ನಾನು.

ನವೆಂಬರಿನಲ್ಲಿ ಉಪಕುಲಪತಿ ವಿಯೊಲೆಟಾ ಡ್ರೋಜ್ದ್ ಫೋನ್ ಮಾಡಿದರು. ಸಂಶೋಧನೆಯ ಹೊಣೆ ಅವರದು. ಗಂಟಲು ಕಟ್ಟಿತ್ತು, ಬಾಯಲ್ಲಿ ಮಾತ್ರೆ ಚೀಪುತ್ತಲೇ ಮಾತಾಡಿದರು.

"ಪಾನಿ ಗೇನ್ಯಾ, ಸೊನ್ನೆಗಳ ಪಟ್ಟಿ ಎಲ್ಲಿಗೆ ಬಂತು?"

"ನಾಲ್ಕು ಜನ ಇದಾರೆ. ಒಬ್ರು ತೀರ್ಕೊಂಡ್ರು. ಒಬ್ರು ನಾರ್ವೆಗೆ ಹೋಗಿ ಮೀನು ಪ್ಯಾಕ್ ಮಾಡ್ತಿದಾರೆ. ಒಬ್ರು ಬಾಣಂತಿ, ಅವ್ರಿಗೆ ವಿನಾಯಿತಿ ಇದೆ."

"ನಾಲ್ಕನೆಯವ್ರು?"

"ಇನ್ನೂ ನೋಡ್ತಿದೀನಿ," ಎಂದು ಸುಳ್ಳು ಹೇಳಿದೆ. ನೋಡಿಯಾಗಿತ್ತು. ನಾಲ್ಕನೆಯವರು ಡಾಕ್ಟರ್ ಜೆನೋಬಿಯುಷ್ ಕೂರ್ಪೆಲ್.

ಕೂರ್ಪೆಲ್ ಮಣ್ಣಿನ ವಿಭಾಗದವರು. ಊರಿಂದ ಇಪ್ಪತ್ತೆಂಟು ಕಿಲೋಮೀಟರ್ ದೂರದ ತೋಳನ ಜೌಗಿನಲ್ಲಿ ಹನ್ನೆರಡು ಕಬ್ಬಿಣದ ಕೊಳವೆಗಳನ್ನು ಹುಗಿದಿದ್ದಾರೆ. ಮೂವತ್ತೊಂದು ವರ್ಷದಿಂದ ಪ್ರತಿ ಶನಿವಾರ ಏಳು ಗಂಟೆಯ ಬಸ್ಸಿಗೆ ಹೋಗಿ, ಅಳತೆ ಟೇಪಿನ ತುದಿಗೆ ಕಟ್ಟಿದ ಹಿತ್ತಾಳೆಯ ಸೀಟಿಯನ್ನು ಒಂದೊಂದೇ ಕೊಳವೆಗೆ ಇಳಿಬಿಡುತ್ತಾರೆ. ಸೀಟಿ ನೀರು ಮುಟ್ಟಿದಾಗ ಒಳಗಿನ ಗಾಳಿ ನುಗ್ಗಿ ಪೀ ಎನ್ನುತ್ತದೆ. ಟೇಪು ನೋಡಿ ಆಳ ಬರೆದುಕೊಳ್ಳುತ್ತಾರೆ. ಅಷ್ಟೇ ಸಂಶೋಧನೆ. ಮಳೆ ಬರಲಿ, ಮಂಜು ಬೀಳಲಿ, ಹೆಂಡತಿ ತೆಯೋಫಿಲಾ ಸತ್ತ ವಾರವಾದರೂ ಸರಿ, ಶನಿವಾರ ತಪ್ಪಿಲ್ಲ. ಮಾತು ಕಡಿಮೆ. ಶರತ್ಕಾಲದಲ್ಲಿ ಜೌಗಿನ ಕೆಂಪು ಹುಳಿಹಣ್ಣಿನ ಜಾಮ್ ಮಾಡಿ ಒಂದು ಸೀಸೆ ನನ್ನ ಮೇಜಿನ ಮೇಲಿಟ್ಟು ಹೋಗುತ್ತಾರೆ. ತೆಯೋಫಿಲಾ ಇದ್ದಾಗ ಜಾಮ್ ಸಿಹಿಯಾಗಿರುತ್ತಿತ್ತು.

ಪಿಂಚಣಿಗೆ ಇನ್ನೂ ನಾಲ್ಕು ವರ್ಷ. ಕೆಲಸ ಹೋದರೆ ಸಂಬಳವಷ್ಟೇ ಹೋಗುವುದಿಲ್ಲ. ಜೌಗು ಮೀಸಲು ಪ್ರದೇಶ, ಒಳಗೆ ಹೋಗುವ ಪರವಾನಗಿ ಹುದ್ದೆಗೆ ಕೊಟ್ಟಿದ್ದು, ಮನುಷ್ಯನಿಗಲ್ಲ. ಹುದ್ದೆಯಿಲ್ಲದ ಕೂರ್ಪೆಲ್ ಬೇಲಿ ದಾಟಿದರೆ ದಂಡ.

ಅವರ ಹೆಸರಿನಲ್ಲಿ ಏನಿದೆ ಎಂದು ಹುಡುಕಿದೆ. ಆರೇ ಆರು ಬರಹ, ಎಲ್ಲವೂ ಹಳೆಯವು. ಆದರೆ ಈ ಹೆಸರನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನಲ್ಲ ಎಂದು ತಲೆ ಕೆರೆದುಕೊಂಡೆ. ಎಲ್ಲಿ? ಬಾಲದಲ್ಲಿ. ಇರುವೆ ಸಾಲಿನಲ್ಲಿ.

ಒಂದು ವಾರ ಬೇರೆ ಕೆಲಸ ಬದಿಗಿಟ್ಟು ಬಾಲಗಳನ್ನೇ ತಿರುವಿ ಹಾಕಿದೆ. ಕಾಡುಬಾತುಗಳ ರಕ್ತದಲ್ಲಿರುವ ಹುಳುವಿನ ಬಗ್ಗೆ ಬರೆದವರು ನೀರಿನ ಮಟ್ಟಕ್ಕಾಗಿ ಡಾ. ಕೂರ್ಪೆಲ್ ಅವರಿಗೆ ಕೃತಜ್ಞರು. ಸಂತ ರೋಖನ ಇಗರ್ಜಿಯ ಗೋಪುರ ಯಾಕೆ ಎಡಕ್ಕೆ ವಾಲುತ್ತಿದೆ ಎಂದು ಬರೆದ ಕಟ್ಟಡದವರು ಕೃತಜ್ಞರು. ನಮ್ಮ ಹಳ್ಳಿಗರ ಮಾತಿನಲ್ಲಿ ಕೆಸರಿಗೆ ಇಪ್ಪತ್ತಾರು ಹೆಸರು ಎಂದು ಬರೆದ ಭಾಷಾ ವಿಭಾಗದವಳು ಕೃತಜ್ಞಳು. ಮುನ್ನೂರು ವರ್ಷದ ಹಿಂದೆ ಒಂದು ಸೈನ್ಯದ ಫಿರಂಗಿಗಳು ಎಲ್ಲಿ ಹೂತುಹೋದವು ಎಂದು ಬರೆದ ಇತಿಹಾಸದವನು, ಮಕ್ಕಳ ಉಬ್ಬಸದ ವೈದ್ಯರು, ಜೇನಿನವರು, ಮುಖಕ್ಕೆ ಹಚ್ಚುವ ಕಪ್ಪು ಮಣ್ಣಿನವರು, ಎಲ್ಲರೂ ಕೃತಜ್ಞರು. ಒಬ್ಬ ಮುದುಕ ಕೊಳವೆಗೆ ಸೀಟಿ ಬಿಟ್ಟು ತಂದ ಸಂಖ್ಯೆಯ ಮೇಲೆ ಅರ್ಧ ವಿಶ್ವವಿದ್ಯಾಲಯ ನಿಂತಿದೆ! ನಲವತ್ತೇಳು ಬರಹ ಸಿಕ್ಕವು. ಒಂದರಲ್ಲೂ ತಲೆಯಲ್ಲಿ ಅವರ ಹೆಸರಿಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಎಂಥ ಜನ ಇವರು ಎಂದು ಬೈದುಕೊಳ್ಳುತ್ತ ಪಟ್ಟಿ ಮಾಡುತ್ತಿದ್ದವಳಿಗೆ ಮೂವತ್ತೊಂದನೆಯದು ಸಿಕ್ಕಿತು. 'ಗ್ರಂಥಾಲಯದ ನೆಲಮಾಳಿಗೆಯ ಬೂಷ್ಟು ಮತ್ತು ಅಂತರ್ಜಲ.' ಬರೆದವರು ಗೆನೊವೆಫಾ ಪ್ಟಾಕ್.

ನನ್ನ ಜನ್ಮದಲ್ಲಿ ಬರೆದಿರುವುದು ಅದೊಂದೇ. ಏಳು ವರ್ಷದ ಹಿಂದಿನ ಮಾತು, ಹಿರಿಯ ಗ್ರಂಥಪಾಲಕಿ ಎನ್ನಿಸಿಕೊಳ್ಳಲು ಒಂದು ಪೂರ್ತಿ ಪಾಲು ಬೇಕಿತ್ತು. ನೆಲಮಾಳಿಗೆಯ ಪುಸ್ತಕಗಳಿಗೆ ಬೂಷ್ಟು ಹಿಡಿಯುವುದಕ್ಕೂ ಜೌಗಿನ ನೀರು ಏರುವುದಕ್ಕೂ ನಂಟಿದೆ ಎಂದು ತೋರಿಸಿಕೊಟ್ಟವರು ಕೂರ್ಪೆಲ್. ಒಂದು ಶನಿವಾರ ಅವರ ಜೊತೆ ನಾನೂ ಹೋಗಿದ್ದೆ, ಆಫೀಸಿನ ಬೂಟು ಹಾಕಿಕೊಂಡು. ಒಂದು ಬೂಟು ಇವತ್ತಿಗೂ ಅಲ್ಲೇ ಕೆಸರಲ್ಲಿದೆ. ಬರೆದು ಮುಗಿಸಿದ ಮೇಲೆ ಇಬ್ಬರ ಹೆಸರೂ ಹಾಕಿ ತೋರಿಸಿದ್ದೆ. ಅವರು ಪೆನ್ನು ತೆಗೆದು ತಮ್ಮ ಹೆಸರಿಗೆ ಅಡ್ಡಗೆರೆ ಎಳೆದರು.

"ಇದ್ಯಾಕೆ ಪಾನಿ ಗೇನ್ಯಾ? ಸುಮ್ನೆ ನಿಮ್ ಪಾಲು ಅರ್ಧ ಆಗತ್ತೆ. ಕೆಳಗೆಲ್ಲಾದ್ರೂ ಹಾಕಿ, ಸಾಕು."

ನಾನು ಒಂದು ಸಲವಾದರೂ ಬೇಡ ಎಂದೆನೇ? ಇಲ್ಲ. ಕೆಳಗೆ ಹಾಕಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಸ್ಥಿತಿ. ಉಳಿದ ನಲವತ್ತಾರು ಬರಹದವರಿಗೂ ಅವರು ಹೀಗೇ ಹೇಳಿರಬೇಕು. ಅವರೆಲ್ಲರೂ ನನ್ನ ಹಾಗೇ ಸುಮ್ಮನಾಗಿರಬೇಕು. ಆ ಸಂಜೆ ಬಸ್ಸಿನಲ್ಲಿ ನನಗೆ ನನ್ನ ಮೇಲೇ ಎಷ್ಟು ಅಸಹ್ಯವಾಯಿತೆಂದರೆ, ಸೀಟು ಬಿಟ್ಟುಕೊಟ್ಟ ಹುಡುಗಿಯ ಮೇಲೆ ಸಿಡುಕಿದೆ.

ಮರುದಿನ ಮೊದಲು ಹೋದದ್ದು ಪಶುವೈದ್ಯ ವಿಭಾಗದ ಇರೆನೆಉಷ್‌ನ ಹತ್ತಿರ. ಕಾಡುಬಾತುಗಳ ಹುಳುವಿನವನು ಅವನೇ. ಕೂರ್ಪೆಲ್ ಅವರ ಸಂಖ್ಯೆ ಇಟ್ಟುಕೊಂಡು ಆರು ಲೇಖನ ಬರೆದಿದ್ದಾನೆ, ಏಳನೆಯದು ಡಿಸೆಂಬರಿನಲ್ಲಿ ಬರುವುದಿತ್ತು.

"ಅದ್ರಲ್ಲಿ ಕೂರ್ಪೆಲ್ ಡಾಕ್ಟ್ರ ಹೆಸರು ಸೇರ್ಸಿ ಮಾರಾಯ. ಒಂದೇ ಒಂದು ಪಾಲು ಸಿಕ್ರೆ ಮನುಷ್ಯ ಉಳ್ಕೋತಾರೆ."

ಇರೆನೆಉಷ್ ಕೆಟ್ಟವನಲ್ಲ. ಮುಖ ಸಣ್ಣದು ಮಾಡಿಕೊಂಡ. "ನನಗೇನು ಮನಸ್ಸಿಲ್ವಾ ಪಾನಿ ಗೇನ್ಯಾ? ಆದ್ರೆ ಹತ್ತು ಜನ ಆಗಿದೀವಿ. ಹನ್ನೊಂದನೆಯವ್ರು ಬಂದ್ರೆ ಎಲ್ರಿಗೂ ಸೊನ್ನೆ."

"ಯಾರಾದ್ರೂ ಒಬ್ರನ್ನ ತೆಗೀರಿ."

"ಯಾರನ್ನ ತೆಗೀಲಿ? ಎಂಟನೆಯವ್ಳಿಗೆ ಎರಡು ಮಕ್ಕಳು. ಒಂಬತ್ತನೆಯವ್ರು ನಮ್ಮ ವಿಭಾಗದ ಮುಖ್ಯಸ್ಥರು, ಬಾತುಕೋಳೀನ ತಟ್ಟೇಲಿ ಬಿಟ್ರೆ ಬೇರೆಲ್ಲೂ ನೋಡಿಲ್ಲ. ತೆಗೆದ್ರೆ ನನ್ನನ್ನೇ ತೆಗೀತಾರೆ."

ನಗು ಬಂತು, ಆದರೆ ನಗುವ ಶಕ್ತಿ ಇರಲಿಲ್ಲ. ಅಲ್ಲಿಂದ ಇಗರ್ಜಿ ಗೋಪುರದವರ ಹತ್ತಿರ ಹೋದೆ, ಕೆಸರಿನ ಹೆಸರಿನವಳ ಹತ್ತಿರ ಹೋದೆ. ಎಲ್ಲರಿಗೂ ಕಾರಣವಿತ್ತು, ಎಲ್ಲವೂ ನ್ಯಾಯವಾದ ಕಾರಣವೇ. ಎಲ್ಲರೂ ಚಹಾ ಕೊಟ್ಟರು. ಒಂದೇ ದಿನ ಮೂರು ಲೋಟ ಚಹಾ ಕುಡಿದದ್ದಷ್ಟೇ ಬಂತು.

ಕೊನೆಗೆ ನಲವತ್ತೇಳರ ಪಟ್ಟಿ ಹಿಡಿದು ಡ್ರೋಜ್ದ್ ಅವರ ಕೋಣೆಗೇ ಹೋದೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದುತ್ತಾ ಬಂದರು. ಹನ್ನೆರಡನೆಯ ಸಾಲಿನಲ್ಲಿ ಬೆರಳು ನಿಂತಿತು. ಅದು ರೈ ಧಾನ್ಯಕ್ಕೆ ಹಿಡಿಯುವ ಕಾಡಿಗೆ ರೋಗದ ಬಗ್ಗೆ ಅವರೇ ಬರೆದ ಲೇಖನ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೃತಜ್ಞತೆಗೆ ಅಂಕ ಇಲ್ಲ ಪಾನಿ ಗೇನ್ಯಾ."

"ಗೊತ್ತು. ಮೂವತ್ನಾಲ್ಕು ವರ್ಷದಿಂದ ಅದನ್ನೇ ಟೈಪ್ ಮಾಡ್ತಿದೀನಿ."

"ನನ್ನ ಮೇಲೆ ರೇಗಬೇಡಿ. ನಿಯಮ ನಾನು ಮಾಡಿದ್ದಲ್ಲ." ಇನ್ನೊಂದು ಮಾತ್ರೆ ಬಾಯಿಗೆ ಹಾಕಿಕೊಂಡರು. "ಒಂದು ಕೆಲಸ ಮಾಡಿ. ನಮ್ಮದೇ ಪ್ರಕಾಶನದ 'ಮೂಲ ಸಾಮಗ್ರಿ' ಮಾಲೆ ಇದೆಯಲ್ಲ, ಯಾರೂ ಓದ್ದೇ ಇರೋದು. ಅದ್ರಲ್ಲಿ ಅವ್ರ ಅಳತೆಗಳನ್ನೆಲ್ಲ ಪುಸ್ತಕ ಮಾಡ್ಸಿ. ಅಂಕ ಚಿಕ್ಕದು, ಆದ್ರೆ ಅಂಕ. ಇಪ್ಪತ್ತೆರಡನೇ ತಾರೀಕು ಮಧ್ಯಾಹ್ನ ಒಂದು ಗಂಟೆಯೊಳಗೆ ನಿಮ್ಮ ಯಂತ್ರದಲ್ಲಿ ಏರಿದ್ರೆ ನಾನು ಹೆಸರು ತೆಗೀತೀನಿ. ಮಾತು ಕೊಟ್ಟೆ."

ಮಾತು ಕೊಟ್ಟರು ಎಂದರೆ ಉಳಿಸಿಕೊಳ್ಳುವವರೇ. ನಾನು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದೆ, ಮಂಡಿ ನೋವು ಅರ್ಧ ದಾರಿಯಲ್ಲಿ ನೆನಪಾಯಿತು.

ಕೂರ್ಪೆಲ್ ಅವರಿಗೆ ಹೇಳಿದಾಗ ಅವರು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. "ಪುಸ್ತಕಾನಾ? ಬರೀ ಸಂಖ್ಯೆ ಇದೆಯಲ್ಲ ಅದ್ರಲ್ಲಿ."

"ಸಂಖ್ಯೆಗೇನಾಗಿದೆ? ಇವ್ರೆಲ್ಲ ಬರೆಯೋ ಮಾತಿಗಿಂತ ಎಷ್ಟೋ ವಾಸಿ. ನಾಳೆ ತನ್ನಿ."

ಮಾರನೆಯ ದಿನ ಬ್ರೆಡ್ಡಿನ ಚೀಲದಲ್ಲಿ ಮೂವತ್ತೊಂದು ನೋಟ್‌ಬುಕ್ ತಂದರು. ಕೆಲವು ನೀರು ಕುಡಿದು ಉಬ್ಬಿದ್ದವು, ಒಂದರೊಳಗೆ ಒಣಗಿದ ಜೀರುಂಡೆ ಇತ್ತು. ಪ್ರತಿ ಪುಟದಲ್ಲೂ ನಾಲ್ಕು ಕಲಂ. ತಾರೀಕು, ಕೊಳವೆ, ಆಳ. ನಾಲ್ಕನೆಯದರಲ್ಲಿ ಪೆನ್ಸಿಲಿನಲ್ಲಿ ಎರಡು ಮೂರು ಅಕ್ಷರ ಗೀಚಿತ್ತು. ಸಂಖ್ಯೆಯಲ್ಲವಲ್ಲ ಎಂದು ಅದನ್ನು ಬಿಟ್ಟು ಮೂರು ಕಲಂ ಟೈಪ್ ಮಾಡುತ್ತಾ ಹೋದೆ. ಹತ್ತೊಂಬತ್ತು ಸಾವಿರ ಚಿಲ್ಲರೆ ಸಂಖ್ಯೆಗಳು. ನಲವತ್ತೆಂಟು ಸೆಂಟಿಮೀಟರ್, ಐವತ್ತೊಂದು, ಐವತ್ತು, ನಲವತ್ತೊಂಬತ್ತು. ಮೂರು ವಾರ ಕಣ್ಣು ಮುಚ್ಚಿದರೂ ಅವೇ ಕುಣಿಯುತ್ತಿದ್ದವು. ಕ್ಯಾಂಟೀನಿನ ಬಟಾಣಿ ಸೂಪನ್ನು ಕೀಬೋರ್ಡಿನ ಪಕ್ಕದಲ್ಲೇ ಇಟ್ಟುಕೊಂಡು ಕುಡಿದೆ. ಬೇರೆ ಲೇಖನಗಳೆಲ್ಲ ಮೇಜಿನ ಮೇಲೆ ರಾಶಿ ಬಿದ್ದವು. ಬೀಳಲಿ ಎಂದೆ. ಆಶ್ಚರ್ಯವೆಂದರೆ, ಎಷ್ಟೋ ವರ್ಷದ ಮೇಲೆ ಕೆಲಸ ಮಾಡುತ್ತಿದ್ದೇನೆ ಎನ್ನಿಸಿತು.

ಡಿಸೆಂಬರ್ ಇಪ್ಪತ್ತಕ್ಕೆ ಮುದ್ರಣದವರು ಕರಡು ಕೊಟ್ಟರು. ಹಸಿರು ರಟ್ಟು, ಅದರ ಮೇಲೆ 'ತೋಳನ ಜೌಗಿನ ನೀರಿನ ಮಟ್ಟ', ಕೆಳಗೆ ಒಂದೇ ಹೆಸರು, ಜೆನೋಬಿಯುಷ್ ಕೂರ್ಪೆಲ್. ನೋಡಿ ನನ್ನ ಕಣ್ಣು ತುಂಬಿತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಉಳಿದದ್ದು ಒಂದೇ, ಲೇಖಕರ ಘೋಷಣೆಯ ಪತ್ರಕ್ಕೆ ಅವರ ಸಹಿ. ಇದನ್ನು ಬರೆದವರು ಇಂಥವರು, ಬೇರೆ ಯಾರೂ ಅಲ್ಲ ಎಂಬ ಒಂದು ಪುಟದ ಫಾರಂ. ಅದನ್ನೂ ಕರಡನ್ನೂ ಅವರ ಕೈಗೆ ಕೊಟ್ಟು ಕಳಿಸಿದೆ.

ಇಪ್ಪತ್ತೆರಡರ ಬೆಳಿಗ್ಗೆ ಒಂಬತ್ತಕ್ಕೆ ಬಂದರು. ಒಂದು ಪುಟ ಕೊಟ್ಟಿದ್ದೆ, ನಾಲ್ಕು ಪುಟ ಪಿನ್ ಹೊಡೆದು ತಂದಿದ್ದರು.

"ಇದೇನು ಡಾಕ್ಟ್ರೇ?"

"ಜಾಗ ಸಾಲ್ಲಿಲ್ಲ. ಅರವತ್ನಾಲ್ಕು ಹೆಸರು."

ತಿರುವಿ ನೋಡಿದೆ. ದುಂಡಗಿನ ಅಕ್ಷರದಲ್ಲಿ, ಮೊದಲು ನೀರು ನೋಡಿದ ತಾರೀಕಿನ ಕ್ರಮದಲ್ಲಿ ಬರೆದಿದ್ದರು. ಮೊದಲ ಹೆಸರು ತೆಯೋಫಿಲಾ ಕೂರ್ಪೆಲ್. ಆಮೇಲೆ ಇಬ್ಬರು ಅರಣ್ಯ ಕಾವಲುಗಾರರು, ಬಸ್ಸಿನ ಡ್ರೈವರು, ಅಣಬೆ ಆರಿಸಲು ಬಂದ ಒಬ್ಬ ಸನ್ಯಾಸಿನಿ, ಹಳ್ಳಿ ಶಾಲೆಯ ಐದನೆಯ ತರಗತಿ ಇಡೀ, ಪಶುವೈದ್ಯ ಇರೆನೆಉಷ್, ಇಗರ್ಜಿ ಗೋಪುರದವರು. ನಲವತ್ತೊಂದನೆಯದು ಗೆನೊವೆಫಾ ಪ್ಟಾಕ್. ಅರವತ್ತನಾಲ್ಕನೆಯದು, ಎಲ್ಲರಿಗಿಂತ ಕೊನೆಗೆ, ಅವರದ್ದು. ಸಹಿ ಅಲ್ಲಿ ಹಾಕಿದ್ದರು.

"ನಾಲ್ಕನೇ ಕಲಂ ಬಿಟ್ಬಿಟ್ಟಿದೀರಿ ಪಾನಿ ಗೇನ್ಯಾ," ಎಂದರು, ತಪ್ಪು ಹಿಡಿದವರ ಧಾಟಿಯಲ್ಲಲ್ಲ. "ಅದು ನೋಡಿದವರ ಹೆಸರು. ನಂಗೆ ಒಬ್ಬನಿಗೇ ಎಲ್ಲಾ ಆಗ್ತಿರ್ಲಿಲ್ಲ. ಜ್ವರ ಬಂದಾಗ, ಕಾಲು ಉಳುಕಿದಾಗ ಬೇರೆಯವ್ರು ಸೀಟಿ ಬಿಟ್ಟಿದಾರೆ. ಸಂಖ್ಯೆ ಅಂದ್ಮೇಲೆ ಯಾರ ಕಣ್ಣು ನೋಡಿದ್ದು ಅಂತ ಇರ್ಬೇಕಲ್ವಾ? ನೀವೂ ನೋಡಿದೀರಿ. ಹದಿನಾಲ್ಕನೇ ಸೆಪ್ಟೆಂಬರ್, ಒಂಬತ್ತನೇ ಕೊಳವೆ."

ಹೌದು, ನೋಡಿದ್ದೆ. ಬೂಟು ಕಳೆದುಕೊಂಡು ಒಂಟಿಕಾಲಿನಲ್ಲಿ ನಿಂತು ನಗುತ್ತಿದ್ದಾಗ ಟೇಪನ್ನು ನನ್ನ ಕೈಗೆ ಕೊಟ್ಟಿದ್ದರು. ಸೀಟಿ ಪೀ ಎಂದಿತ್ತು, ನಾನು ಸಣ್ಣ ಹುಡುಗಿಯ ಹಾಗೆ ಕಿರುಚಿದ್ದೆ. ಅಷ್ಟೇ. ಅದನ್ನು ಬರೆದಿಟ್ಟಿದ್ದರು.

ಆದರೆ ಆ ಹೊತ್ತಿನಲ್ಲಿ ನನಗೆ ಬಂದದ್ದು ಕೋಪ. "ನಿಮ್ಗೆ ತಲೆ ಕೆಟ್ಟಿದೆಯಾ ಡಾಕ್ಟ್ರೇ? ಹತ್ತಕ್ಕಿಂತ ಜಾಸ್ತಿ ಆದ್ರೆ ಸೊನ್ನೆ ಅಂತ ಗೊತ್ತಿಲ್ವಾ? ನಿಮಗೆ ಸೊನ್ನೆ, ಪುಸ್ತಕಕ್ಕೆ ಸೊನ್ನೆ, ನನ್ನ ಮೂರು ವಾರಕ್ಕೆ ಸೊನ್ನೆ!"

"ಗೊತ್ತು."

"ಗೊತ್ತಿದ್ದೂ ಹೀಗ್ ಮಾಡ್ತಾರಾ? ಕೈಗೆ ಬಂದ ತುತ್ತು ಇದು. ಮೇಲೆ ನಿಮ್ಮೊಬ್ಬರ ಹೆಸರಿರಲಿ. ಈ ಅರವತ್ಮೂರು ಜನಾನೂ ಕೆಳಗೆ ಕೃತಜ್ಞತೇಲಿ ಹಾಕೋಣ. ಬೇಕಾದ್ರೆ ದಪ್ಪ ಅಕ್ಷರದಲ್ಲಿ ಹಾಕಿಸ್ತೀನಿ."

ಕೂರ್ಪೆಲ್ ಕುರ್ಚಿ ಎಳೆದುಕೊಂಡು ಕೂತರು. ಈ ಕೋಣೆಯಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಕೆಳಗೆ ಇದ್ದು ನೋಡಿದೀನಿ ನಾನು. ಮೂವತ್ತೊಂದು ವರ್ಷ. ಅಲ್ಲಿಗೆ ಯಾರೂ ಇಳಿದು ಬರಲ್ಲ ಪಾನಿ ಗೇನ್ಯಾ."

ನಲವತ್ತೇಳರ ಪಟ್ಟಿ ನನ್ನ ಡ್ರಾಯರಿನಲ್ಲಿತ್ತು. ಅವರಿಗೆ ಅದರ ವಿಷಯ ಗೊತ್ತೋ ಇಲ್ಲವೋ, ಅದರಲ್ಲಿನ ನನ್ನ ಬರಹ ನೆನಪಿದೆಯೋ ಇಲ್ಲವೋ.

"ನಿಮ್ಮ ಹೆಸರನ್ನ ಎಲ್ರಿಗೂ ಬಿಟ್ಟುಕೊಟ್ರಲ್ಲ," ಎಂದೆ. "ಆವಾಗ ಎಲ್ಲಿ ಹೋಗಿತ್ತು ಈ ಬುದ್ಧಿ?"

"ಅದು ನನ್ನ ಹೆಸರು. ನನ್ನದು, ಬಿಟ್ಟುಕೊಟ್ಟೆ. ಇವ್ರ ಹೆಸರು ಬಿಟ್ಟುಕೊಡೋಕೆ ನಾನ್ಯಾರು?"

"ಹಾಗಾದ್ರೆ ಒಂಬತ್ತು ಜನಾನ ಆರ್ಸಿ. ನೀವು ಸೇರಿ ಹತ್ತು. ಯಾರಿಗೂ ಸೊನ್ನೆ ಬರಲ್ಲ. ಅಷ್ಟಾದ್ರೂ ಮಾಡಿ."

ಅವರು ಪಟ್ಟಿಯನ್ನು ತೆಗೆದುಕೊಂಡು ನಿಜವಾಗಿಯೂ ಪ್ರಯತ್ನಪಟ್ಟರು. ಪೆನ್ನಿನ ಮುಚ್ಚಳ ತೆಗೆದು ಮೊದಲ ಪುಟ ನೋಡಿದರು, ಎರಡನೆಯದು ನೋಡಿದರು. ಐದನೆಯ ತರಗತಿಯ ಮಕ್ಕಳ ಹೆಸರಿನ ಹತ್ತಿರ ಬಂದು ಪೆನ್ನು ನಿಂತಿತು. ಆಮೇಲೆ ತಲೆಯೆತ್ತದೆ ಕೇಳಿದರು.

"ಯಾರನ್ನ ತೆಗೀಲಿ? ನಿಮ್ಮನ್ನ ತೆಗೀಲಾ?"

ತೆಗೀರಿ ಎನ್ನಬೇಕಿತ್ತು. ಅಂದರೂ ಏನಾಗುತ್ತಿತ್ತು, ಇನ್ನೂ ಐವತ್ತಮೂರು ಜನರನ್ನು ತೆಗೆಯಬೇಕಿತ್ತಲ್ಲ. ನಾನು ಸುಮ್ಮನೆ ಕೈಚಾಚಿ ಕಾಗದ ಈಸಿಕೊಂಡೆ.

ಹೊರಗೆ ಕಾರಿಡಾರಿನಲ್ಲಿ ಗದ್ದಲ ಶುರುವಾಗಿತ್ತು. ಕ್ರಿಸ್‌ಮಸ್ಸಿಗೆ ರಜೆ ಬಿಡುವ ಮುಂಚೆ ಎಲ್ಲ ವಿಭಾಗದವರೂ ಓದುವ ಕೋಣೆಯಲ್ಲಿ ಸೇರಿ, ಕಾಗದದಷ್ಟು ತೆಳುವಾದ ಬಿಳಿ ರೊಟ್ಟಿಯನ್ನು ಒಬ್ಬರ ಕೈಯಿಂದೊಬ್ಬರು ಮುರಿದುಕೊಂಡು ಹಾರೈಸುವುದು ನಮ್ಮ ಪದ್ಧತಿ. ಆರೋಗ್ಯ ಇರಲಿ, ಪ್ರೀತಿ ಇರಲಿ, ಒಳ್ಳೆಯ ಅಂಕ ಬರಲಿ. ಈಚೆಗೆ ಹೀಗೇ ಹಾರೈಸುತ್ತಾರೆ, ತಮಾಷೆಗಲ್ಲ. ಕೂರ್ಪೆಲ್ ಜೇಬಿನಿಂದ ತಮ್ಮದೊಂದು ಬಿಳಿ ರೊಟ್ಟಿ ತೆಗೆದು, ಅಂಚು ಮುರಿದುಹೋಗಿತ್ತು, ನನ್ನ ಮುಂದೆ ಹಿಡಿದರು. ಎಷ್ಟೇ ಜಗಳವಾಗಿರಲಿ, ಆ ರೊಟ್ಟಿಯನ್ನು ಬೇಡವೆನ್ನುವ ಹಾಗಿಲ್ಲ. ಒಂದು ಚೂರು ಮುರಿದೆ.

"ನಿಮ್ಗೆ ಏನಂತ ಹಾರೈಸ್ಲಿ ಡಾಕ್ಟ್ರೇ? ನಂಗೊಂದೂ ತೋಚ್ತಿಲ್ಲ."

"ನಾನು ಹಾರೈಸ್ತೀನಿ ಬಿಡಿ. ನಿಮ್ಗೆ ಒಂದು ಜೊತೆ ಉದ್ದನೆ ರಬ್ಬರ್ ಬೂಟು ಸಿಗ್ಲಿ."

ಇಬ್ಬರೂ ನಕ್ಕೆವು. ಅವರು ಟೋಪಿ ಹಾಕಿಕೊಂಡು ಹೋದರು. ರೊಟ್ಟಿ ಅಂಗುಳಿಗೆ ಅಂಟಿಕೊಂಡಿತ್ತು, ನುಂಗಲಾಗಲಿಲ್ಲ.

ಹತ್ತೂ ಕಾಲು ಗಂಟೆ. ಪಿನ್ ಕೀಳುವ ಚಿಮಟ ಡ್ರಾಯರಿನಲ್ಲಿತ್ತು, ತೆಗೆದು ಮೇಜಿನ ಮೇಲಿಟ್ಟೆ. ಮೊದಲ ಮೂರು ಪುಟ ಕಿತ್ತು, ನಾಲ್ಕನೆಯದರಲ್ಲಿ ಅವರ ಸಹಿಯ ಮೇಲಿರುವ ಸಾಲುಗಳಿಗೆ ಬಿಳಿ ಬಳಿದು ಜೆರಾಕ್ಸ್ ತೆಗೆದರೆ ಆಯಿತು. ಯಾರೂ ನೋಡುವುದಿಲ್ಲ. ಈ ವಿಶ್ವವಿದ್ಯಾಲಯದಲ್ಲಿ ಕಾಗದವನ್ನು ಬಾಲದವರೆಗೆ ನೋಡುವವಳು ನಾನೊಬ್ಬಳೇ, ನನ್ನ ಕಣ್ಣು ತಪ್ಪಿಸಬೇಕಾದವಳೂ ನಾನೇ. ಅವರು ಉಳಿಯುತ್ತಿದ್ದರು. ಶನಿವಾರದ ಬಸ್ಸು ಉಳಿಯುತ್ತಿತ್ತು. ಅವರಿಗೆ ಗೊತ್ತಾದರೆ? ಗೊತ್ತಾಗೇ ಆಗುತ್ತಿತ್ತು, ಪುಸ್ತಕ ಕೈಗೆ ಬಂದ ದಿನ. ಬೈಯುತ್ತಿರಲಿಲ್ಲ. ಸುಮ್ಮನೆ ಒಂದು ಸಲ ರಟ್ಟು ನೋಡಿ, ಇನ್ನೊಂದು ಸಲ ನನ್ನನ್ನು ನೋಡುತ್ತಿದ್ದರು. ಆ ನೋಟ ಈಗಲೇ ನನ್ನ ಮೇಲಿದ್ದ ಹಾಗಾಯಿತು.

ಚಿಮಟವನ್ನು ಒಳಗಿಟ್ಟೆ. ತೆಯೋಫಿಲಾ ಕೂರ್ಪೆಲ್ ಎಂದು ಟೈಪ್ ಮಾಡಿದೆ.

ಅರವತ್ತನಾಲ್ಕು ಹೆಸರು 'ಬರೆದವರು' ಎಂಬ ಕಡೆ ಏರಿಸಲು ಎರಡು ಗಂಟೆ ಬೇಕಾಯಿತು. ಸನ್ಯಾಸಿನಿಯದು ಯಾವ ಸಂಸ್ಥೆ ಎಂದು ಯಂತ್ರ ಕೇಳಿತು, ಡ್ರೈವರಿನದು ಯಾವ ವಿಷಯ ಎಂದು ಕೇಳಿತು. ಹತ್ತನೆಯ ಹೆಸರಿನವರೆಗೆ ಮೂಲೆಯಲ್ಲಿ ಪಾಲು ಇಷ್ಟಿಷ್ಟೇ ಕರಗುತ್ತ ಬಂತು. ಹನ್ನೊಂದಕ್ಕೆ ಸೊನ್ನೆಯಾಯಿತು. ಆಮೇಲಿನ ಐವತ್ತಮೂರಕ್ಕೂ ಸೊನ್ನೆಯೇ. ನಲವತ್ತೊಂದನೆಯದಕ್ಕೆ, ಈ ಲೇಖಕಿ ಈಗಾಗಲೇ ಇದ್ದಾರೆ, ಇವರೇನಾ ಎಂದು ಕೇಳಿತು. ಹೌದು ಎಂದು ಒತ್ತಿದೆ.

ಹನ್ನೆರಡೂವರೆಗೆ ಡ್ರೋಜ್ದ್ ಫೋನ್ ಮಾಡಿದರು. ಹಿಂದೆ ಯಾರೋ ಹಬ್ಬದ ಹಾಡು ಹಾಡುತ್ತಿದ್ದರು. "ಏರ್ತಾ ಪಾನಿ ಗೇನ್ಯಾ?"

"ಏರ್ತು."

"ಸದ್ಯ! ಎಷ್ಟು ಬಂತು ಅವ್ರಿಗೆ?"

ಹೇಳಿದೆ. ಆ ಕಡೆ ಹಾಡು ಮುಗಿಯಿತು. ಆಮೇಲೆ ಮೆಲ್ಲಗೆ, "ಪಟ್ಟಿ ಕಳ್ಸಿ," ಎಂದರು. ಕಳಿಸಿದೆ. ನಾಲ್ಕು ಹೆಸರು.

ಜನವರಿಯಲ್ಲಿ ಕೂರ್ಪೆಲ್ ಗ್ರಂಥಾಲಯದ ಕಾರ್ಡನ್ನು ವಾಪಸು ಕೊಟ್ಟು ಹೋದರಂತೆ, ನಾನು ಊಟಕ್ಕೆ ಹೋಗಿದ್ದೆ. ಮೇಜಿನ ಮೇಲೆ ಒಂದು ಜಾಮ್ ಸೀಸೆ ಇತ್ತು. ಹುಳಿ, ಎಂದಿನ ಹಾಗೆ. ಅರಣ್ಯ ಇಲಾಖೆಯವರು ಮೀಸಲಿನ ಗೇಟಿಗೆ ಹೊಸ ಬೀಗ ಹಾಕಿದರು ಎಂದು ಬಸ್ಸಿನ ಡ್ರೈವರು ಹೇಳಿದ.

ಮಾರ್ಚಿನಲ್ಲಿ ಫೋನ್ ಬಂತು. ಇರೆನೆಉಷ್. ಕಾಡುಬಾತುಗಳು ಮರಳಿ ಬರುವ ಕಾಲ.

"ಪಾನಿ ಗೇನ್ಯಾ, ಕೂರ್ಪೆಲ್ ಡಾಕ್ಟ್ರು ಫೋನ್ ಎತ್ತುತ್ತಿಲ್ಲ. ಈ ವರ್ಷದ ನೀರಿನ ಮಟ್ಟ ಬೇಕಿತ್ತು. ಎಂಟನೇ ಲೇಖನ ಅರ್ಧಕ್ಕೆ ನಿಂತಿದೆ."

"ಈ ವರ್ಷದ್ದು ಇಲ್ಲ."

"ಇಲ್ಲ ಅಂದ್ರೆ?"

"ನೋಡೋರಿಲ್ಲ. ಹಳೇದೆಲ್ಲ ಪುಸ್ತಕದಲ್ಲಿದೆ, ಹಸಿರು ರಟ್ಟಿನದು. ತಗೊಂಡು ನೋಡಿ. ಅದ್ರಲ್ಲಿ ನಿಮ್ಮ ಹೆಸರೂ ಇದೆ. ಕೆಳಗಲ್ಲ, ಮೇಲೆ, ಬರೆದವರ ಸಾಲಿನಲ್ಲಿ. ಹನ್ನೊಂದು ವರ್ಷದ ಹಿಂದೆ ಒಂದು ದಿನ ಹೋಗಿ ಸೀಟಿ ಬಿಟ್ಟಿದ್ರಂತೆ."

ಅವನು ಹಾಂ ಹೂಂ ಎಂದು ತಡವರಿಸಿದ. ನಾಚಿಕೆಯಾಯಿತೇನೋ, ಪಾಪ, ಎಂದು ನಾನು ಅಂದುಕೊಂಡೆ.

"ಹೌದಾ? ನನ್ನ ಹೆಸರಾ?" ಎಂದ. "ಮತ್ತೆ ನನ್ನ ಪಾಲಿಗೆ ಎಷ್ಟು ಬರತ್ತೆ ಪಾನಿ ಗೇನ್ಯಾ?"

"ಸೊನ್ನೆ," ಎಂದೆ. "ನಿಮಗೂ ಸೊನ್ನೆ, ನನಗೂ ಸೊನ್ನೆ. ಫೋನ್ ಇಡಿ."